ಕಲಾಸಂಗ್ರಹವನ್ನು ವಿಷಯವಾರು ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗ್ರಹದಲ್ಲಿರುವ ಚಿತ್ರ, ಶಿಲ್ಪ, ಮುದ್ರಣಗಳನ್ನು ಅವುಗಳಲ್ಲಿ ಏನಿದೆ ಎಂಬುದರ ಆಧಾರದ ಮೇಲೆ ವಿಂಗಡಿಸಿ ಸಂಶೋಧಕರಿಗೆ ಒದಗಿಸಲು ಹೊರಟವರು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಕೆಲವು ಈ ಕ್ಷೇತ್ರದವರೆಲ್ಲ ಒಪ್ಪಿಕೊಂಡಿರುವ ಕ್ರಮಗಳು, ಕೆಲವು ನನ್ನ ಹಟ. ಯಾವುದು ಯಾವುದೆಂದು ಓದುತ್ತಾ ಹೋದಂತೆ ತಿಳಿಯುತ್ತದೆ.

ಕಲಾವಿದರ ಹೆಸರು, ಕಾಲ, ಮಾಧ್ಯಮ ಎಲ್ಲವೂ ದಾಖಲೆಯಲ್ಲಿದೆ. ವಿಷಯವಾರು ವಿಂಗಡಣೆ ಬೇರೆ ಏಕೆ ಬೇಕು?

ಕಲಾ ಇತಿಹಾಸಕಾರರಿಗಷ್ಟೇ ನಿಮ್ಮ ಸಂಗ್ರಹ ತೆರೆದಿದ್ದರೆ ಅದು ಅಷ್ಟಾಗಿ ಬೇಕಿಲ್ಲ. ಅವರಿಗೆ ಹೆಸರುಗಳು ಗೊತ್ತಿರುತ್ತವೆ. ಆದರೆ ಚಿತ್ರಗಳನ್ನು ಹುಡುಕಿಕೊಂಡು ಬರುವವರಲ್ಲಿ ಬೇರೆಯವರೂ ಬಹಳ ಮಂದಿ. ನೇಗಿಲಿನ ಆಕಾರ ಯಾವ ಶತಮಾನದಲ್ಲಿ ಹೇಗಿತ್ತು ಎಂದು ತಿಳಿಯಬೇಕಾದ ಕೃಷಿ ಇತಿಹಾಸಕಾರರು, ತಂತಿವಾದ್ಯವನ್ನು ಯಾವ ಕೈಯಲ್ಲಿ ಹೇಗೆ ಹಿಡಿಯುತ್ತಿದ್ದರು ಎಂದು ನೋಡಬೇಕಾದ ಸಂಗೀತಜ್ಞರು, ಕನ್ನಡಕ ಯಾವಾಗ ಸಾಮಾನ್ಯರ ಮೂಗಿನ ಮೇಲೆ ಬಂದು ಕುಳಿತಿತು ಎಂದು ಕೇಳುವ ವೈದ್ಯಕೀಯ ಇತಿಹಾಸದ ವಿದ್ಯಾರ್ಥಿ. ಇವರಿಗೆ ಚಿತ್ರಕಾರ ಯಾರೆಂಬುದು ಕೊನೆಯ ಪ್ರಶ್ನೆ. ಹೆಸರಿನ ಬಾಗಿಲು ಮಾತ್ರ ತೆರೆದಿಟ್ಟರೆ ಅವರು ಹೊರಗೇ ನಿಲ್ಲುತ್ತಾರೆ.

ಇದು ಹೊಸ ಯೋಚನೆಯೇನಲ್ಲ. ಚಾರ್ಲ್ಸ್ ರೂಫಸ್ ಮೋರಿ 1917ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮಧ್ಯಯುಗದ ಕ್ರೈಸ್ತ ಕಲೆಯ ವಿಷಯಸೂಚಿಯನ್ನು ಕಾರ್ಡುಗಳ ಮೇಲೆ ಆರಂಭಿಸಿದರು. ಆ ಸೂಚಿ ಇಂದಿಗೂ ಬೆಳೆಯುತ್ತಿದೆ. ವ್ಯಾಪ್ತಿ ಕ್ರೈಸ್ತ ಕಲೆಯನ್ನು ದಾಟಿದ್ದರಿಂದ ಅದರ ಹೆಸರು ಕೂಡ ಈಗ ಮಧ್ಯಯುಗದ ಕಲೆಯ ಸೂಚಿ ಎಂದಾಗಿದೆ.

ಒಂದು ಚಿತ್ರದ ‘ವಿಷಯ’ ಎಂದರೆ ನಿಖರವಾಗಿ ಏನು?

ಈ ಪ್ರಶ್ನೆಗೆ ಸಮಯ ಕೊಡದೆ ಮುಂದೆ ಹೋದವರು ಆಮೇಲೆ ಇಡೀ ಪಟ್ಟಿಯನ್ನು ಮತ್ತೆ ತಿದ್ದಬೇಕಾಗುತ್ತದೆ.

ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ಚಿತ್ರದ ಅರ್ಥವನ್ನು ಮೂರು ಹಂತಗಳಲ್ಲಿ ವಿವರಿಸಿದರು. ಮೊದಲನೆಯದು ಕಣ್ಣಿಗೆ ಕಾಣುವುದು: ಹೆಣ್ಣು, ಮೇಜು, ತಕ್ಕಡಿ. ಎರಡನೆಯದು ಪರಂಪರೆ ಬಲ್ಲವರು ಗುರುತಿಸುವ ಕಥೆ, ವ್ಯಕ್ತಿ, ಸಂಕೇತ. ಮೂರನೆಯದು ಆ ಕಾಲದ ಮನೋಧರ್ಮವೇ ಚಿತ್ರದಲ್ಲಿ ಹೇಗೆ ಮೈದಾಳಿದೆ ಎಂಬ ವ್ಯಾಖ್ಯಾನ. ಸಾರಾ ಶಾಟ್‌ಫರ್ಡ್ 1986ರಲ್ಲಿ ಇದನ್ನು ಕ್ಯಾಟಲಾಗ್ ಮಾಡುವವರ ಕೆಲಸಕ್ಕೆ ಒಗ್ಗಿಸಿ, ಚಿತ್ರದಲ್ಲಿ ಏನಿದೆ ಎಂಬುದು ಬೇರೆ, ಚಿತ್ರ ಯಾವುದರ ಕುರಿತಾಗಿದೆ ಎಂಬುದು ಬೇರೆ ಎಂದು ವಿಂಗಡಿಸಿದರು.

ವರ್ಮೀರ್ ಸುಮಾರು 1664ರಲ್ಲಿ ಬರೆದ, ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರವನ್ನು ತೆಗೆದುಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ಹೆಣ್ಣೊಬ್ಬಳು ಸಣ್ಣ ತಕ್ಕಡಿ ಹಿಡಿದು ನಿಂತಿದ್ದಾಳೆ. ಮೇಜಿನ ಮೇಲೆ ಮುತ್ತಿನ ಸರ, ಚಿನ್ನದ ಸರಪಳಿ. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ಅಂತಿಮ ತೀರ್ಪಿನ ಚಿತ್ರ. 1696ರ ಹರಾಜಿನಲ್ಲಿ ಇದನ್ನು ಚಿನ್ನ ತೂಗುವ ಯುವತಿ ಎಂದು ವರ್ಣಿಸಿದ್ದರು. ಅವಳು ತೂಗುತ್ತಿರುವುದು ಮುತ್ತುಗಳನ್ನು ಎಂದು ಹೇಳಿದವರೂ ಇದ್ದರು. ಮುಂದೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಕ್ಕಡಿಯ ತಟ್ಟೆಗಳಲ್ಲಿ ಚಿನ್ನವೂ ಇಲ್ಲ, ಮುತ್ತೂ ಇಲ್ಲ, ಎರಡೂ ಖಾಲಿ ಎಂದು ತಿಳಿಯಿತು. ಈಗ ಚಿತ್ರದ ಹೆಸರು ‘ತಕ್ಕಡಿ ಹಿಡಿದ ಮಹಿಳೆ’.

ಇಲ್ಲಿ ‘ತಕ್ಕಡಿ’, ‘ಮುತ್ತು’, ‘ಕಿಟಕಿ’ ಮೊದಲ ಹಂತದ ಪದಗಳು. ಇವುಗಳ ಬಗ್ಗೆ ಜಗಳವಿಲ್ಲ. ಹಿಂದಿನ ಗೋಡೆಯ ‘ಅಂತಿಮ ತೀರ್ಪು’ ಎರಡನೆಯ ಹಂತ, ಬೈಬಲ್ ಪರಂಪರೆ ಗೊತ್ತಿದ್ದರೆ ಸಾಕು. ‘ಆತ್ಮಪರೀಕ್ಷೆ’, ‘ಸಂಯಮ’ ಎನ್ನುವವು ಮೂರನೆಯ ಹಂತ. ಅವು ಯಾರೋ ಒಬ್ಬ ವಿದ್ವಾಂಸರ ಓದು. ಮೂರನ್ನೂ ದಾಖಲಿಸಿ, ಆದರೆ ಒಂದೇ ಅಂಕಣದಲ್ಲಿ ತುರುಕಬೇಡಿ. ನನ್ನ ಹಟ ಇಷ್ಟೇ: ಮೂರನೆಯ ಹಂತದ ಪ್ರತಿಯೊಂದು ಪದದ ಪಕ್ಕದಲ್ಲಿ ಅದನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಸೇರಿಸಿದರು ಎಂಬುದಿರಬೇಕು. ‘ಚಿನ್ನ ತೂಗುವುದು’ ಎಂಬ ಪದವನ್ನು ಒಮ್ಮೆ ಸೇರಿಸಿದ್ದವರು ಆಧಾರ ಬರೆದಿಟ್ಟಿದ್ದರೆ ಅದನ್ನು ತೆಗೆಯುವುದು ಅರ್ಧ ಗಂಟೆಯ ಕೆಲಸ. ಬರೆದಿಡದಿದ್ದರೆ, ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ಶೀರ್ಷಿಕೆಯಿಂದಲೇ ವಿಷಯವನ್ನು ಎತ್ತಿಕೊಂಡರೆ ಸಾಲದೇ?

ಸಾಲದು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಪ್ರಸಿದ್ಧ ಚಿತ್ರವನ್ನು ಲೋಕವೆಲ್ಲ ‘ರಾತ್ರಿ ಪಹರೆ’ ಎಂದೇ ಕರೆಯುತ್ತದೆ. ಅದರಲ್ಲಿ ರಾತ್ರಿಯೇ ಇಲ್ಲ. ಕ್ಯಾಪ್ಟನ್ ಫ್ರಾನ್ಸ್ ಬ್ಯಾನಿಂಕ್ ಕಾಕ್ ಅವರ ನಾಗರಿಕ ದಳ ಹಗಲಿನಲ್ಲಿ ಹೊರಡುವ ದೃಶ್ಯವದು. ವಾರ್ನಿಷ್ ಕಪ್ಪಾಗಿ, ಕೊಳೆ ಕೂತು, 18ನೆಯ ಶತಮಾನದ ಕೊನೆಯ ಹೊತ್ತಿಗೆ ಆ ಹೆಸರು ಅಂಟಿಕೊಂಡಿತು. ಶೀರ್ಷಿಕೆ ನಂಬಿದವರು ಅದನ್ನು ‘ರಾತ್ರಿ ದೃಶ್ಯಗಳು’ ಎಂಬ ಗುಂಪಿಗೆ ಹಾಕಿಬಿಡುತ್ತಾರೆ.

ತಪ್ಪಲ್ಲದ ಶೀರ್ಷಿಕೆಯೂ ಪೂರ್ತಿ ಹೇಳುವುದಿಲ್ಲ. ಹೊಕುಸಾಯಿಯ ದೊಡ್ಡ ಅಲೆ, ಸುಮಾರು 1831ರದ್ದು, ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು ಎಂಬ ಸರಣಿಗೆ ಸೇರಿದೆ (ಸರಣಿಯಲ್ಲಿ ಕೊನೆಗೆ ಬಂದ ಚಿತ್ರಗಳು 46; ಹೆಸರು ಹಾಗೇ ಉಳಿಯಿತು). ನೋಡುವವರಿಗೆ ಕಾಣುವುದು ಅಲೆ, ಸರಣಿಯ ಹೆಸರು ಹೇಳುವುದು ಪರ್ವತ. ಆದರೆ ದೋಣಿಗಳ ಇತಿಹಾಸ ಬರೆಯುವವರಿಗೆ ಬೇಕಾದದ್ದು ಅಲೆಯ ಕೆಳಗೆ ಸಿಕ್ಕಿಬಿದ್ದ ಮೂರು ದೋಣಿಗಳು. ಅವುಗಳ ಸುಳಿವು ಎರಡು ಹೆಸರುಗಳಲ್ಲೂ ಇಲ್ಲ.

ಒಂದು ಕೃತಿಯನ್ನು ಒಂದೇ ವಿಷಯದ ಕೆಳಗೆ ಇಡಬೇಕೇ?

ಕಪಾಟಿನಲ್ಲಿ ಹೌದು, ದಾಖಲೆಯಲ್ಲಿ ಇಲ್ಲ. ವಸ್ತುವಿಗೆ ಒಂದೇ ಜಾಗ, ಒಂದೇ ನೋಂದಣಿ ಸಂಖ್ಯೆ. ಅದನ್ನು ತಲುಪುವ ದಾರಿಗಳು ಎಷ್ಟಾದರೂ ಇರಲಿ. ವಿಷಯ ಬದಲಾಯಿತೆಂದು ಕೃತಿಯನ್ನು ಉಗ್ರಾಣದಲ್ಲಿ ಸ್ಥಳಾಂತರಿಸುವ ಉಸಾಬರಿಗೆ ಹೋಗಬೇಡಿ.

ಹಾಗಾದರೆ ಒಂದು ಕೃತಿಗೆ ಎಷ್ಟು ವಿಷಯಪದ ಕೊಡಬೇಕು?

ಸಂಖ್ಯೆ ನಿಗದಿ ಮಾಡುವವರಿದ್ದಾರೆ: ಐದು, ಹತ್ತು ಎಂದು. ನನಗೆ ಅದು ಹಿಡಿಸುವುದಿಲ್ಲ, ಏಕೆಂದರೆ ಚಿತ್ರಗಳು ಹಾಗೆ ಸಮನಾಗಿ ಬರುವುದಿಲ್ಲ. ಪೀಟರ್ ಬ್ರೂಗಲ್ 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರದಲ್ಲಿ ಎಂಬತ್ತಕ್ಕೂ ಹೆಚ್ಚು ಆಟಗಳನ್ನು ಗುರುತಿಸಿದ್ದಾರೆ. ಬುಗುರಿ, ಬಳೆಯಂಥ ಚಕ್ರ ಉರುಳಿಸುವುದು, ಕಪ್ಪೆನೆಗೆತ, ಕಣ್ಣುಮುಚ್ಚಾಲೆ. ‘ಮಕ್ಕಳ ಆಟ’ ಎಂದು ಒಂದೇ ಪದ ಬರೆದು ಕೈತೊಳೆದುಕೊಂಡರೆ ಬುಗುರಿಯ ಇತಿಹಾಸ ಬರೆಯುವವರಿಗೆ ಅನ್ಯಾಯ. ಅದೇ ಹೊತ್ತಿಗೆ ಒಂದು ಸಾಮಾನ್ಯ ಭಾವಚಿತ್ರಕ್ಕೆ ‘ಗುಂಡಿ’, ‘ಹುಬ್ಬು’, ‘ಕಂದು ಬಣ್ಣ’ ಎಂದೆಲ್ಲ ಪದಗಳನ್ನು ಸುರಿದರೆ ಹುಡುಕುವವರಿಗೆ ಕಸ.

ಒಂದು ಪ್ರಶ್ನೆ ಸಾಕು: ಈ ಪದವನ್ನು ಹುಡುಕಿಕೊಂಡು ಬಂದವರಿಗೆ ಈ ಚಿತ್ರ ಕಣ್ಣಿಗೆ ಬಿದ್ದರೆ ಉಪಯೋಗವಾಗುತ್ತದೆಯೇ, ಕಿರಿಕಿರಿಯಾಗುತ್ತದೆಯೇ? ಗಾತ್ರ ಮುಖ್ಯವಲ್ಲ. ಬ್ರೂಗಲ್‌ನದೆಂದು ಹೇಳಲಾಗುವ, ಬ್ರಸೆಲ್ಸ್‌ನಲ್ಲಿರುವ ಇಕಾರಸ್ (ಗ್ರೀಕ್ ಪುರಾಣದಲ್ಲಿ ಮೇಣದ ರೆಕ್ಕೆ ಕರಗಿ ಸಮುದ್ರಕ್ಕೆ ಬಿದ್ದ ಹುಡುಗ) ಚಿತ್ರದಲ್ಲಿ ಮುಂಭಾಗವನ್ನೆಲ್ಲ ಆವರಿಸಿರುವವನು ಹೊಲ ಉಳುವ ರೈತ. ಇಕಾರಸ್ ಎಂದರೆ ಬಲಮೂಲೆಯ ನೀರಿನಲ್ಲಿ ಒದ್ದಾಡುತ್ತಿರುವ ಎರಡು ಕಾಲುಗಳು ಮಾತ್ರ. ಆದರೂ ಇಕಾರಸ್‌ನನ್ನು ಬಿಡಲಾಗದು, ಉಳುಮೆಯನ್ನೂ ಬಿಡಲಾಗದು. ಇಂಥ ಕಡೆ ‘ಮುಖ್ಯ ವಿಷಯ’, ‘ಚಿತ್ರದಲ್ಲಿ ಕಾಣುವ ಇತರ ವಸ್ತು’ ಎಂದು ಎರಡು ಗುರುತು ಇಟ್ಟುಕೊಂಡರೆ ಹುಡುಕುವವರು ತಮಗೆ ಬೇಕಾದಷ್ಟಕ್ಕೆ ಫಲಿತಾಂಶವನ್ನು ಇಳಿಸಿಕೊಳ್ಳಬಹುದು.

ಪದಪಟ್ಟಿಯನ್ನು ನಾವೇ ಮಾಡಿಕೊಳ್ಳಬಹುದೇ, ಸಿದ್ಧ ಪದ್ಧತಿಯನ್ನೇ ಬಳಸಬೇಕೇ?

ಸಿದ್ಧ ಪದ್ಧತಿಯಿಂದ ಶುರು ಮಾಡಿ, ಸಾಲದ ಕಡೆ ನಿಮ್ಮದನ್ನು ಸೇರಿಸಿ. ಪೂರ್ತಿ ಸ್ವಂತ ಪಟ್ಟಿ ಮೊದಲ ವರ್ಷ ಮುದ್ದಾಗಿರುತ್ತದೆ. ಆಮೇಲೆ ಒಬ್ಬರು ‘ದೋಣಿ’ ಎನ್ನುತ್ತಾರೆ, ಇನ್ನೊಬ್ಬರು ‘ನಾವೆ’, ಮತ್ತೊಬ್ಬರು ‘ಹಡಗು, ಸಣ್ಣದು’.

ಹೆಚ್ಚು ಬಳಕೆಯಲ್ಲಿರುವವು ಎರಡು. ಮೊದಲನೆಯದು ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪ ಪದಕೋಶ. 1990ರಲ್ಲಿ ಮೊದಲು ಪ್ರಕಟವಾದ ಇದು 2014ರಿಂದ ಮುಕ್ತ ದತ್ತಾಂಶವಾಗಿಯೂ ಸಿಗುತ್ತದೆ. ವಸ್ತುಗಳ ಬಗೆ, ಸಾಮಗ್ರಿ, ತಂತ್ರ, ಶೈಲಿ ಇವುಗಳಿಗೆ ಇದನ್ನು ಮೀರಿಸಿದ್ದಿಲ್ಲ. ಎರಡನೆಯದು ಐಕಾನ್‌ಕ್ಲಾಸ್, ಚಿತ್ರದೊಳಗಿನ ಕಥೆ ಮತ್ತು ದೃಶ್ಯಗಳಿಗೆಂದೇ ಹುಟ್ಟಿದ್ದು. ಎರಡನ್ನೂ ಬಳಸುವುದರಲ್ಲಿ ತಪ್ಪೇನಿಲ್ಲ.

ಐಕಾನ್‌ಕ್ಲಾಸ್ ಹೇಗೆ ಕೆಲಸ ಮಾಡುತ್ತದೆ?

ಇದನ್ನು ರೂಪಿಸಿದವರು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಹೆನ್ರಿ ವಾನ್ ಡೆ ವಾಲ್. ಅವರು 1972ರಲ್ಲಿ ತೀರಿಕೊಂಡ ಮೇಲೆ ಸಹೋದ್ಯೋಗಿಗಳು ಮರುವರ್ಷದಿಂದ 1985ರವರೆಗೆ ಸಂಪುಟಗಳನ್ನು ಹೊರತಂದರು. ಒಟ್ಟು ಸುಮಾರು 28,000 ವಿವರಣೆಗಳಿವೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮುಖ್ಯ ವಿಭಾಗಗಳು. 0 ಅಮೂರ್ತ ಕಲೆ, 1 ಧರ್ಮ ಮತ್ತು ಮಾಟಮಂತ್ರ, 2 ನಿಸರ್ಗ, 3 ಮನುಷ್ಯ, 4 ಸಮಾಜ ಮತ್ತು ಸಂಸ್ಕೃತಿ, 5 ಅಮೂರ್ತ ಪರಿಕಲ್ಪನೆಗಳು, 6 ಇತಿಹಾಸ, 7 ಬೈಬಲ್, 8 ಸಾಹಿತ್ಯ, 9 ಗ್ರೀಕ್ ಮತ್ತು ರೋಮನ್ ಪುರಾಣ ಹಾಗೂ ಪ್ರಾಚೀನ ಇತಿಹಾಸ.

ಸಿಂಹವೊಂದನ್ನು ಹಿಡಿಯುವ ದಾರಿ ನೋಡಿ. 2 ನಿಸರ್ಗ. ಅದರೊಳಗೆ 25 ಭೂಮಿ. 25ಎಫ್ ಪ್ರಾಣಿಗಳು. 25ಎಫ್2 ಸಸ್ತನಿಗಳು. 25ಎಫ್23 ಬೇಟೆಯಾಡುವ ಮೃಗಗಳು. ಕೊನೆಗೆ ಆವರಣದಲ್ಲಿ ಸಿಂಹದ ಹೆಸರು. ಸಂಕೇತದ ಬಾಲವನ್ನು ಒಂದೊಂದಾಗಿ ಕತ್ತರಿಸಿದರೆ ಹುಡುಕಾಟ ಹಿಗ್ಗುತ್ತದೆ: ಸಿಂಹ ಸಿಗದಿದ್ದರೆ ಎಲ್ಲ ಬೇಟೆಮೃಗಗಳು, ಅದೂ ಸಾಲದಿದ್ದರೆ ಎಲ್ಲ ಸಸ್ತನಿಗಳು. ಸಂಕೇತಕ್ಕೆ ಭಾಷೆಯ ಹಂಗಿಲ್ಲವಾದ್ದರಿಂದ ಒಂದು ದೇಶದ ಸಂಗ್ರಹಾಲಯ ಹಾಕಿದ ಗುರುತು ಇನ್ನೊಂದು ದೇಶದವರ ಹುಡುಕಾಟದಲ್ಲೂ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಇದನ್ನು ವ್ಯಾಪಕವಾಗಿ ಬಳಸುತ್ತದೆ.

ಯುರೋಪಿನ ಹೊರಗಿನ ಕಲೆಗೆ ಇದು ಹೊಂದುತ್ತದೆಯೇ?

ಮೇಲಿನ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಬೈಬಲ್‌ಗೆ ಇಡೀ ಒಂದು ಮುಖ್ಯ ವಿಭಾಗ, ಗ್ರೀಕರು ಮತ್ತು ರೋಮನ್ನರಿಗೆ ಇನ್ನೊಂದು. ಜಗತ್ತಿನ ಉಳಿದ ಎಲ್ಲ ಧರ್ಮಗಳೂ 12 ಎಂಬ ಒಂದು ಉಪವಿಭಾಗದಲ್ಲಿ ಒತ್ತೊತ್ತಾಗಿ ಕುಳಿತಿವೆ. ಯುರೋಪಿನ ಚಿತ್ರಗಳಿಗೆಂದು ಮಾಡಿದ ಪದ್ಧತಿಯಲ್ಲಿ ಇದು ಅಸಹಜವಲ್ಲ. ಆದರೆ ಗೊತ್ತಿದ್ದೂ ಅದನ್ನೇ ಎಲ್ಲಕ್ಕೂ ಹಿಗ್ಗಿಸುವುದು ಸಲ್ಲದು.

ರಾಗಮಾಲಾ ಚಿತ್ರಗಳಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಕೈಯಲ್ಲಿ ವೀಣೆ ಹಿಡಿದ ಹೆಣ್ಣು, ಸುತ್ತ ಕಿವಿಗೊಟ್ಟು ನಿಂತ ಜಿಂಕೆಗಳು. ಮೊದಲ ಹಂತದ ಪದಗಳು ಸಲೀಸು: ಹೆಣ್ಣು, ವೀಣೆ, ಜಿಂಕೆ. ಪರಂಪರೆ ಬಲ್ಲವರಿಗೆ ಅದು ತೋಡಿ ರಾಗಿಣಿ. ಚಿತ್ರದ ವಿಷಯ ಒಂದು ರಾಗ! ದೇವತೆಯೂ ಅಲ್ಲ, ಕಥೆಯೂ ಅಲ್ಲ, ವ್ಯಕ್ತಿಯೂ ಅಲ್ಲ. ‘ಸಂಗೀತ ನುಡಿಸುವುದು’ ಎಂಬ ಸಿದ್ಧ ಪದದ ಕೆಳಗೆ ಹಾಕಿದರೆ ಅದೊಂದು ಕಛೇರಿಯ ದೃಶ್ಯವಾಗಿಬಿಡುತ್ತದೆ. ಜೊತೆಗೆ ಈ ಚಿತ್ರಗಳು ಬಿಡಿಬಿಡಿಯಾಗಿ ಹುಟ್ಟಿದವಲ್ಲ. ಸಾಮಾನ್ಯವಾಗಿ ಮೂವತ್ತಾರರ ಕಟ್ಟಿನ ಹಾಳೆಗಳು, ಎಷ್ಟೋ ಕಟ್ಟುಗಳು ಚದುರಿ ಬೇರೆಬೇರೆ ಸಂಗ್ರಹಗಳ ಪಾಲಾಗಿವೆ. ಆದ್ದರಿಂದ ರಾಗದ ಹೆಸರು, ಕಟ್ಟಿನ ಗುರುತು, ಹಾಳೆಯ ಮೇಲಿನ ಬರಹ ಇವಕ್ಕೆ ಪ್ರತ್ಯೇಕ ಜಾಗ ಮಾಡಿಕೊಳ್ಳಬೇಕು. ಸಿದ್ಧ ಪದ್ಧತಿಗೆ ನಿಮ್ಮ ಕೊಂಬೆಯನ್ನು ಸೇರಿಸುವಾಗ ಆ ಪರಂಪರೆಯನ್ನು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಟ್ಟಿ ಮುಗಿದ ಮೇಲೆ ಕರೆದು ಸಹಿ ಹಾಕಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಅಮೂರ್ತ ಕಲೆಗೆ ಯಾವ ವಿಷಯ ಕೊಡುವುದು?

ಬಲವಂತವಾಗಿ ಯಾವುದನ್ನೂ ಕೊಡಬೇಡಿ. ರೂಪ, ಬಣ್ಣ, ತಂತ್ರ ದಾಖಲಿಸಿ, ಕಲಾವಿದರೇ ಏನಾದರೂ ಹೇಳಿದ್ದರೆ ಅದನ್ನು ಅವರ ಮಾತೆಂದೇ ಬರೆಯಿರಿ. ಕೆಲವೊಮ್ಮೆ ವಿಷಯ ಚಿತ್ರದ ಹೊರಗೆ ಸಿಗುತ್ತದೆ. ಮಾಲೆವಿಚ್ ತನ್ನ ‘ಕಪ್ಪು ಚೌಕ’ವನ್ನು 1915ರ ಪೆಟ್ರೊಗ್ರಾಡ್ ಪ್ರದರ್ಶನದಲ್ಲಿ ಕೋಣೆಯ ಮೂಲೆಯಲ್ಲಿ, ಮೇಲೆ, ರಷ್ಯನ್ ಮನೆಗಳಲ್ಲಿ ಪೂಜೆಯ ಚಿತ್ರ ಇಡುವ ಜಾಗದಲ್ಲಿ ತೂಗುಹಾಕಿದ. ‘ಪೂಜಾಚಿತ್ರ’ ಎಂಬ ಪದಕ್ಕೆ ಆಧಾರ ಚೌಕದಲ್ಲಿಲ್ಲ, ಅದನ್ನು ತೂಗುಹಾಕಿದ ಜಾಗದಲ್ಲಿದೆ. ಆ ಕಾರಣವನ್ನೂ ಸೇರಿಸಿ ಬರೆದರೆ ಪದ ನಿಲ್ಲುತ್ತದೆ.

‘ದುಃಖ’, ‘ಒಂಟಿತನ’ ಎಂಬಂಥ ಭಾವಗಳು ವಿಷಯಪದಗಳಾಗಬಹುದೇ?

ಆಗಬಹುದು, ಆದರೆ ಅದು ಯಾರಿಗೆ ಕಂಡ ದುಃಖ ಎಂಬ ಆಧಾರವಿದ್ದರೆ ಮಾತ್ರ.

ಹಳೆಯ ದಾಖಲೆಗಳಲ್ಲಿ ಅವಮಾನಕರ ಪದಗಳಿವೆ. ಅಳಿಸಬೇಕೇ?

ಹುಡುಕಾಟದ ಪದಪಟ್ಟಿಯಿಂದ ತೆಗೆಯಿರಿ, ದಾಖಲೆಯ ಇತಿಹಾಸದಿಂದ ತೆಗೆಯಬೇಡಿ. ಮರಿ-ಗಿಯೆಮಿನ್ ಬೆನ್ವಾ 1800ರಲ್ಲಿ ಪ್ರದರ್ಶಿಸಿದ, ಈಗ ಲೂವ್ರ್‌ನಲ್ಲಿರುವ ಕಪ್ಪು ಮಹಿಳೆಯೊಬ್ಬರ ಭಾವಚಿತ್ರ ಬಹುಕಾಲ ಒಂದು ಜನಾಂಗೀಯ ಪದದಿಂದಲೇ ಪರಿಚಿತವಾಗಿತ್ತು. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ 2019ರ ಪ್ರದರ್ಶನದಲ್ಲಿ ಅದನ್ನು ‘ಮದ್‌ಲೆನ್‌ಳ ಭಾವಚಿತ್ರ’ ಎಂದು ತೋರಿಸಿತು. ಅಲ್ಲಿಯವರೆಗೆ ಒಂದು ಮಾದರಿಯಾಗಿದ್ದವಳು ಆಗ ಹೆಸರಿರುವ ವ್ಯಕ್ತಿಯಾದಳು. ವಿಷಯಸೂಚಿಯಲ್ಲೂ ಹಾಗೆಯೇ: ವ್ಯಕ್ತಿಯ ಹೆಸರು ಗೊತ್ತಿದ್ದರೆ ಅದೇ ಮೊದಲ ಪದ. ಹಳೆಯ ಶೀರ್ಷಿಕೆಗಳು ಯಾವ ವರ್ಷದವು ಎಂಬ ವಿವರದೊಂದಿಗೆ ಕೆಳಗಿರಲಿ, ಏಕೆಂದರೆ ನೂರು ವರ್ಷ ಜನ ಆ ಚಿತ್ರವನ್ನು ಹೇಗೆ ಕರೆದರು ಎಂಬುದೇ ಇನ್ನೊಬ್ಬರ ಸಂಶೋಧನೆಯ ವಸ್ತು. ರೈಕ್ಸ್‌ಮ್ಯೂಸಿಯಂ ಕೂಡ ತನ್ನ ದಾಖಲೆಗಳ ವಸಾಹತು ಕಾಲದ ಪದಗಳನ್ನು ಪರಿಶೀಲಿಸುವ ಕೆಲಸವನ್ನು 2015ರಲ್ಲಿ ಕೈಗೆತ್ತಿಕೊಂಡಿತು.

ಪ್ರದರ್ಶನವನ್ನೂ ವಿಷಯವಾರು ಮಾಡಿದರೆ ಎರಡೂ ಒಂದೇ ಆಯಿತಲ್ಲವೇ?

ಇಲ್ಲ, ಇವೆರಡನ್ನೂ ಬೆರೆಸುವುದರಿಂದಲೇ ಬಹಳಷ್ಟು ಗೋಜಲು ಹುಟ್ಟುತ್ತದೆ. ಲಂಡನ್‌ನ ಟೇಟ್ ಮಾಡರ್ನ್ 2000ದಲ್ಲಿ ತೆರೆದಾಗ ಕಾಲಾನುಕ್ರಮವನ್ನು ಬಿಟ್ಟು ನಾಲ್ಕು ವಿಷಯಗಳ ಮೇಲೆ ಚಿತ್ರಗಳನ್ನು ತೂಗುಹಾಕಿತು: ಸ್ತಬ್ಧಚಿತ್ರ, ಭೂದೃಶ್ಯ, ನಗ್ನದೇಹ, ಇತಿಹಾಸ, ಇವು ಮತ್ತು ಇವುಗಳ ವಿಸ್ತರಣೆಗಳು. ಹೊಗಳಿದವರೂ ಇದ್ದರು, ರೇಗಿದವರೂ ಇದ್ದರು. ಅದು ಕ್ಯುರೇಟರ್‌ಗಳು ಮಂಡಿಸಿದ ಒಂದು ವಾದ, ವಾದಕ್ಕೆ ಪಕ್ಷಪಾತದ ಹಕ್ಕಿದೆ. ವಿಷಯಸೂಚಿಗೆ ಆ ಹಕ್ಕಿಲ್ಲ. ಪ್ರದರ್ಶನದಲ್ಲಿ ಹತ್ತು ದೋಣಿಚಿತ್ರಗಳನ್ನು ಆರಿಸಿದರೆ ಸಾಕು, ಸೂಚಿಯಲ್ಲಿ ಇರುವ ಎಲ್ಲ ದೋಣಿಗಳೂ ಸಿಗಬೇಕು.

ಇವೆರಡರ ನಡುವೆ ಮೂರನೆಯದೊಂದಿದೆ, ನನಗೆ ಬಹಳ ಇಷ್ಟವಾದದ್ದು. ಆಬಿ ವಾರ್ಬರ್ಗ್ ತನ್ನ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ‘ಒಳ್ಳೆಯ ನೆರೆಹೊರೆ’ಯ ಲೆಕ್ಕದಲ್ಲಿ ಜೋಡಿಸಿದ್ದ: ನೀವು ಹುಡುಕಿ ಬಂದ ಪುಸ್ತಕಕ್ಕಿಂತ ಪಕ್ಕದ ಪುಸ್ತಕವೇ ನಿಮಗೆ ಬೇಕಾದದ್ದಾಗಿರಬಹುದು. ಆ ಗ್ರಂಥಾಲಯ 1933ರಲ್ಲಿ ಹ್ಯಾಂಬರ್ಗ್‌ನಿಂದ ಲಂಡನ್‌ಗೆ ಹೋಯಿತು, ಜೋಡಣೆಯ ತತ್ವವನ್ನು ಉಳಿಸಿಕೊಂಡಿದೆ. ಪರದೆಯ ಮೇಲೂ ಇದು ಸಾಧ್ಯ. ಒಂದು ಕೃತಿಯ ಪುಟದಲ್ಲಿ ಅದೇ ವಿಷಯದ ಇತರ ಕೃತಿಗಳ ಜೊತೆ, ಒಂದು ಮೆಟ್ಟಿಲು ಮೇಲಿನ ವಿಷಯದ ಕೆಲವನ್ನೂ ತೋರಿಸಿ.

ಸಾರ್ವಜನಿಕರಿಂದ ಟ್ಯಾಗ್ ಹಾಕಿಸಬಹುದೇ? ಯಂತ್ರಗಳಿಂದ?

ಎರಡನ್ನೂ ಬಳಸಬಹುದು, ಆದರೆ ತಜ್ಞರ ಪದಗಳ ಜೊತೆ ಬೆರೆಸದೆ ಬೇರೆಯಾಗಿಡಿ. ಅಮೆರಿಕದ ಹಲವು ಸಂಗ್ರಹಾಲಯಗಳು ಸೇರಿ 2005ರ ಹೊತ್ತಿಗೆ ಆರಂಭಿಸಿದ ಸ್ಟೀವ್ ಎಂಬ ಯೋಜನೆಯಲ್ಲಿ ಜನ ಕೊಟ್ಟ ಪದಗಳಲ್ಲಿ ಬಹುಪಾಲು ಸಂಗ್ರಹಾಲಯದ ದಾಖಲೆಗಳಲ್ಲಿ ಇರಲೇ ಇಲ್ಲ. ಕಾರಣ ಸರಳ: ತಜ್ಞರು ಕಣ್ಣಿಗೆ ಕಾಣುವುದನ್ನು ಬರೆಯುವುದೇ ಇಲ್ಲ. ಯಾರಿಗೆ ಗೊತ್ತಿಲ್ಲ, ಅದು ಕುದುರೆಯಲ್ಲವೇ ಎಂದು ಬಿಟ್ಟುಬಿಡುತ್ತಾರೆ.

ಯಂತ್ರದ ಬಲವೂ ಮೊದಲ ಹಂತದಲ್ಲೇ. ಕುದುರೆ, ಮರ, ಮುಖ ಇವುಗಳನ್ನು ಸಾವಿರಾರು ಚಿತ್ರಗಳಲ್ಲಿ ಚಕಚಕನೆ ಗುರುತಿಸುತ್ತದೆ. ತೋಡಿ ರಾಗಿಣಿಯ ಮುಂದೆ, ಇಕಾರಸ್‌ನ ಎರಡು ಕಾಲುಗಳ ಮುಂದೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಯಂತ್ರ ಕೊಟ್ಟ ಪದಕ್ಕೆ ‘ಯಂತ್ರದ್ದು, ಪರಿಶೀಲಿಸಿಲ್ಲ’ ಎಂಬ ಗುರುತಿರಲಿ, ನೋಡಿ ಒಪ್ಪಿದ ಮೇಲೆ ಆ ಗುರುತನ್ನು ತೆಗೆಯಿರಿ.

ನಮ್ಮದು ಸಣ್ಣ ಸಂಗ್ರಹ, ಇಬ್ಬರೇ ಸಿಬ್ಬಂದಿ. ಎಲ್ಲಿಂದ ಶುರು ಮಾಡುವುದು?

ದುಬಾರಿ ಸಾಫ್ಟ್‌ವೇರ್‌ನಿಂದ ಅಲ್ಲ. ಮೊದಲು ಹಿಂದಿನ ವರ್ಷಗಳಲ್ಲಿ ಸಂಶೋಧಕರು ಬರೆದ ಪತ್ರ ಮತ್ತು ಇಮೇಲ್‌ಗಳನ್ನು ತೆಗೆದು ಓದಿ. ಅವರು ಏನು ಕೇಳಿದರು, ಯಾವ ಪದದಲ್ಲಿ ಕೇಳಿದರು ಎಂದು ಪಟ್ಟಿ ಮಾಡಿ. ನಿಮ್ಮ ಸಂಗ್ರಹಕ್ಕೆ ಬೇಕಾದ ವಿಷಯಗಳು ಅಲ್ಲೇ ಇರುತ್ತವೆ.

ಆಮೇಲೆ ಸಂಗ್ರಹದ ಬೇರೆಬೇರೆ ಮೂಲೆಗಳಿಂದ ಐವತ್ತು ಕೃತಿ ಆರಿಸಿ, ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಪದ ಕೊಡಿ, ನಂತರ ಹೋಲಿಸಿ. ಭಿನ್ನಾಭಿಪ್ರಾಯ ಧಾರಾಳವಾಗಿ ಬರುತ್ತದೆ, ಗಾಬರಿ ಬೇಡ. ಪ್ರತಿ ಭಿನ್ನಾಭಿಪ್ರಾಯದಿಂದ ಒಂದು ನಿಯಮ ಹುಟ್ಟುತ್ತದೆ: ಭಾವಚಿತ್ರದಲ್ಲಿ ಉಡುಪನ್ನು ಯಾವಾಗ ದಾಖಲಿಸಬೇಕು, ಹಿನ್ನೆಲೆಯ ಕಟ್ಟಡ ಗುರುತಿಸುವಂತಿದ್ದರೆ ಏನು ಮಾಡಬೇಕು, ಹೀಗೆ. ಆ ನಿಯಮಗಳನ್ನು ಒಂದೆರಡು ಪುಟದಲ್ಲಿ ಬರೆದಿಡಿ. ದಾಖಲೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು: ನೋಂದಣಿ ಸಂಖ್ಯೆ, ಪದ, ಪದ್ಧತಿಯ ಸಂಕೇತ, ಹಂತ, ಆಧಾರ, ಬರೆದವರು, ದಿನಾಂಕ. ಒಂದು ಸಾಲಿಗೆ ಒಂದೇ ಪದ. ಒಂದೇ ಚೌಕದಲ್ಲಿ ಅಲ್ಪವಿರಾಮ ಹಾಕುತ್ತಾ ಪದಗಳನ್ನು ಪೋಣಿಸಿದರೆ ಮುಂದೆ ಅವನ್ನು ಬಿಡಿಸುವವರು ನಿಮಗೆ ಶಾಪ ಹಾಕುತ್ತಾರೆ.

ಒಳ್ಳೆಯ ಹುಡುಕಾಟದ ಪೆಟ್ಟಿಗೆ ಇದ್ದರೆ ಪಟ್ಟಿಯನ್ನು ತೋರಿಸುವುದೇಕೆ?

ಸಂಗ್ರಹದಲ್ಲಿ ಏನಿದೆಯೆಂದು ಗೊತ್ತಿಲ್ಲದವರಿಗೆ ಏನನ್ನು ಬರೆಯಬೇಕೆಂದೂ ಗೊತ್ತಿರುವುದಿಲ್ಲ. ಖಾಲಿ ಪೆಟ್ಟಿಗೆ ಅವರಿಗೆ ಏನನ್ನೂ ಹೇಳುವುದಿಲ್ಲ. ವಿಷಯಗಳ ಮೆಟ್ಟಿಲು ಪಟ್ಟಿ, ಪ್ರತಿಯೊಂದರ ಮುಂದೆ ಎಷ್ಟು ಕೃತಿಗಳಿವೆ ಎಂಬ ಸಂಖ್ಯೆ, ಇಷ್ಟಿದ್ದರೆ ಸಂಗ್ರಹದ ಹರವು ಒಂದೇ ನೋಟಕ್ಕೆ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ: ಸಂಗ್ರಹದ ಎಷ್ಟು ಭಾಗಕ್ಕೆ ವಿಷಯ ಗುರುತಿಸಿ ಮುಗಿದಿದೆ ಎಂದು ಅದೇ ಪುಟದಲ್ಲಿ ಹೇಳಿ. ‘ಕನ್ನಡಕ: 0’ ಎಂದು ಕಂಡಾಗ ಚಿತ್ರಗಳಲ್ಲಿ ಕನ್ನಡಕವೇ ಇಲ್ಲವೋ, ಆ ಚಿತ್ರಗಳನ್ನು ಇನ್ನೂ ಯಾರೂ ನೋಡಿಲ್ಲವೋ ಎಂಬುದು ಸಂಶೋಧಕರಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ನಿಮ್ಮ ಬಾಕಿ ಕೆಲಸ ಅವರ ಪ್ರಬಂಧದಲ್ಲಿ ಐತಿಹಾಸಿಕ ಸತ್ಯವಾಗಿ ಅಚ್ಚಾಗುತ್ತದೆ.

ದತ್ತಾಂಶವನ್ನು ಇಡಿಯಾಗಿ ಡೌನ್‌ಲೋಡ್ ಮಾಡಲು ಬಿಡಬೇಕೇ?

ಬಿಡಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ತೆರೆಯಿತು. ಕೃತಿಗಳ ದಾಖಲೆಯೂ ಒಂದೇ ಕಡತವಾಗಿ ಸಿಗುತ್ತದೆ, ಅದರ ವಿಷಯಪದಗಳಿಗೆ ಗೆಟ್ಟಿ ಪದಕೋಶದ ಕೊಂಡಿಯೂ ಇದೆ. ಸಾವಿರಾರು ಕೃತಿಗಳನ್ನು ಒಟ್ಟಿಗೆ ಎಣಿಸಿ ಹೋಲಿಸುವ ಸಂಶೋಧಕರಿಗೆ ಒಂದೊಂದೇ ಪುಟ ತೆರೆದು ನೋಡುವುದು ಆಗದ ಕೆಲಸ.

ಮುಂದೆ ಪದಗಳನ್ನು ಬದಲಾಯಿಸಿದರೆ, ಈಗಾಗಲೇ ನಮ್ಮ ಸೂಚಿಯನ್ನು ಉಲ್ಲೇಖಿಸಿದವರ ಗತಿ?

ಪ್ರತಿ ವಿಷಯಕ್ಕೂ ಪದದ ಜೊತೆ ಒಂದು ಸಂಖ್ಯೆ ಕೊಡಿ. ಪದ ಬದಲಾಗಲಿ, ಸಂಖ್ಯೆ ಬದಲಾಗದಿರಲಿ. ಎರಡು ವಿಷಯಗಳನ್ನು ಒಂದು ಮಾಡಿದಾಗ ಹಳೆಯ ಸಂಖ್ಯೆಯನ್ನು ಅಳಿಸದೆ ಹೊಸದರ ಕಡೆಗೆ ತಿರುಗಿಸಿ, ಒಂದನ್ನು ಎರಡಾಗಿ ಒಡೆದಾಗ ಹಳೆಯ ಪುಟದಲ್ಲಿ ಎರಡಕ್ಕೂ ದಾರಿ ತೋರಿಸಿ. ಪದಗಳ ನಡುವಿನ ಮೇಲು-ಕೆಳಗಿನ ಸಂಬಂಧಗಳನ್ನು ಕಂಪ್ಯೂಟರ್‌ಗೆ ಅರ್ಥವಾಗುವಂತೆ ಬರೆಯಲು 2009ರಲ್ಲಿ ಅಂಗೀಕಾರವಾದ ಸ್ಕೋಸ್ ಎಂಬ ಮಾನದಂಡವಿದೆ, ಅದನ್ನು ಅನುಸರಿಸಿದರೆ ಇದೆಲ್ಲ ಹೊಸದಾಗಿ ಯೋಚಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಇಡೀ ಸೂಚಿಯ ಪ್ರತಿಯನ್ನು ದಿನಾಂಕದೊಂದಿಗೆ ತೆಗೆದಿಟ್ಟು ಸಾರ್ವಜನಿಕವಾಗಿಡಿ. ತಾವು ನೋಡಿದ್ದು ಯಾವ ವರ್ಷದ ಸೂಚಿ ಎಂದು ಸಂಶೋಧಕರು ಅಡಿಟಿಪ್ಪಣಿಯಲ್ಲಿ ಬರೆಯಬಹುದು, ಅನುಮಾನ ಬಂದವರು ಅದೇ ಪ್ರತಿಯನ್ನು ತೆರೆದು ನೋಡಬಹುದು.